ನಾಲ್ಕು ಸೂಟ್‌ಕೇಸಿಗೆ ಹಂಚಿದರೆ ಅಂಗಡಿ ಸರಕು ಮನೆ ಸಾಮಾನಾಗುತ್ತಾ?

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ. ನನ್ನದೊಂದು ಸಣ್ಣ ಬಟ್ಟೆ ಅಂಗಡಿ ಇದೆ. ತವರು ಶಿಡ್ಲಘಟ್ಟ, ಅಪ್ಪ ರೀಲರ್, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸ. ಮುಂದಿನ ತಿಂಗಳು ಮನೆಯವರು, ಇಬ್ಬರು ಮಕ್ಕಳು, ನಾನು ಸಿಂಗಪುರದ ತಂಗಿ ಮನೆಗೆ ಹೋಗಿ, ಬ್ಯಾಂಕಾಕ್ ನೋಡಿಕೊಂಡು ವಾಪಸ್ ಬರುತ್ತೇವೆ. ಹೋಗುವಾಗ 25 ರೇಷ್ಮೆ ಸೀರೆ ಒಯ್ದು ತಂಗಿಯ ಸ್ನೇಹಿತೆಯರಿಗೆ ಮಾರೋಣ, ಬರುವಾಗ ಬ್ಯಾಂಕಾಕ್‌ನಿಂದ 80 ಟಾಪ್ ತಂದು ಅಂಗಡಿಗೆ ಹಾಕೋಣ ಅಂತ ಆಸೆ. ಒಬ್ಬರಿಗೆ 75,000 ರೂಪಾಯಿವರೆಗೆ ಸುಂಕ ಇಲ್ಲವಂತೆ. ಸೂಟ್‌ಕೇಸಿಗೆ 20ರಂತೆ ಹಂಚಿಬಿಟ್ಟರೆ ಯಾರೂ ಕೇಳಲ್ಲ ಅಂತ ಪರಿಚಯದವರು ಹೇಳಿದರು. ಇದು ನಿಜವಾ? ಸಿಕ್ಕಿಬಿದ್ದರೆ ಏನಾಗುತ್ತೆ?

ಉತ್ತರ: ಹಾಗೆ ತರಬೇಡಿ ಅಮ್ಮ. ಮೊದಲು ಇದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮ್ಮ ಪರಿಚಯದವರು ಹೇಳಿದ ಮೊತ್ತ ಸರಿ. ಅದು ಯಾವುದಕ್ಕೆ ಅನ್ನುವುದನ್ನು ಮಾತ್ರ ಅವರು ಬಿಟ್ಟಿದ್ದಾರೆ.

ಮೂವತ್ತು ವರ್ಷ ಕಸ್ಟಮ್ಸ್ ಬ್ರೋಕರ್ ಕೆಲಸ, ಅಂದರೆ ವ್ಯಾಪಾರಿಗಳ ಪರವಾಗಿ ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ಕೆಲಸ ಮಾಡಿದವನು ನಾನು. ಬೆಂಗಳೂರಿನ ವಿಮಾನಗಳೆಲ್ಲ ಎಚ್‌ಎಎಲ್ ನಿಲ್ದಾಣಕ್ಕೆ ಬರುತ್ತಿದ್ದ ಕಾಲದಿಂದ ಈ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ. 2008ರಲ್ಲಿ ನಿಲ್ದಾಣ ದೇವನಹಳ್ಳಿಗೆ, ಅಂದರೆ ನಿಮ್ಮ ಮನೆ ಬಾಗಿಲಿಗೆ ಬಂದ ಮೇಲಂತೂ ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರು ಇದನ್ನೇ ಜಾಸ್ತಿ ಕೇಳುತ್ತಾರೆ. ಮೋಸ ಮಾಡಬೇಕು ಅಂತ ಯಾರೂ ಕೇಳುವುದಿಲ್ಲ. ಅರ್ಧ ಗೊತ್ತಿರುತ್ತದೆ, ಆ ಅರ್ಧವೇ ಅವರನ್ನು ಸಿಕ್ಕಿಸುತ್ತದೆ.

ಪ್ರಯಾಣಿಕರ ಸಾಮಾನಿಗೆ ಸುಂಕ ಬಿಡುವ ಅಧಿಕಾರ ಬರುವುದು 1962ರ ಕಸ್ಟಮ್ಸ್ ಕಾಯ್ದೆಯ 79ನೇ ಕಲಮಿನಿಂದ. ಅದರ ಕೆಳಗೆ ಬ್ಯಾಗೇಜ್ ನಿಯಮಗಳಿವೆ. 2016ರ ನಿಯಮದಲ್ಲಿ ಒಬ್ಬರಿಗೆ 50,000 ರೂಪಾಯಿ ಇತ್ತು. 2026ರ ಫೆಬ್ರುವರಿಯಲ್ಲಿ ಬಂದ ಹೊಸ ನಿಯಮದಲ್ಲಿ 75,000 ಆಗಿದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಕಾಯ್ದೆ ಈ ವಿನಾಯಿತಿ ಕೊಡುವುದು ಪ್ರಯಾಣಿಕರು ತಮ್ಮ, ತಮ್ಮ ಮನೆಯವರ ಬಳಕೆಗೆ ತರುವ ವಸ್ತುಗಳಿಗೆ ಮತ್ತು ಉಡುಗೊರೆ, ನೆನಪಿನ ಕಾಣಿಕೆಗಳಿಗೆ. ಮಾರಲು ತಂದದ್ದು ಇದರಲ್ಲಿ ಬರುವುದೇ ಇಲ್ಲ. ನಿಮ್ಮ 80 ಟಾಪಿನ ಬೆಲೆ ಒಂದಕ್ಕೆ 600ರಂತೆ 48,000 ರೂಪಾಯಿ ಅಂದುಕೊಳ್ಳಿ. ಅದು ಒಬ್ಬರ ಮಿತಿಯೊಳಗೇ ಬರುತ್ತದೆ, ನಾಲ್ಕು ಭಾಗ ಮಾಡುವ ಅಗತ್ಯವೂ ಇಲ್ಲ. ಆದರೂ ಅದು ಸುಂಕವಿಲ್ಲದ ಸಾಮಾನಲ್ಲ. ಅಧಿಕಾರಿ ಬೆಲೆ ನೋಡುವುದು ಆಮೇಲೆ. ಇದು ಮನೆಗೋ ಅಂಗಡಿಗೋ ಅನ್ನುವುದನ್ನು ಮೊದಲು ನೋಡುತ್ತಾರೆ.

ಅಧಿಕಾರಿಗೆ ಹೇಗೆ ಗೊತ್ತಾಗುತ್ತದೆ ಅಂತ ನಿಮಗೆ ಅನ್ನಿಸಬಹುದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಿಮ್ಮ ಅಪ್ಪ ಏನು ಮಾಡುತ್ತಾರೆ? ಲಾಟಿನೊಳಗೆ ಕೈ ಹಾಕಿ ಒಂದು ಹಿಡಿ ಗೂಡು ಎತ್ತುತ್ತಾರೆ. ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಬೆರಳಲ್ಲಿ ಒತ್ತಿ ನೋಡುತ್ತಾರೆ. ನೂಲು ಹೇಗೆ ಬಿಚ್ಚುತ್ತದೆ ಅಂತ ಅಷ್ಟರಲ್ಲೇ ಹೇಳಿಬಿಡುತ್ತಾರೆ, ಅಲ್ವಾ? ದಿನಾ ನೂರಾರು ಸೂಟ್‌ಕೇಸ್ ನೋಡುವವರಿಗೂ ಅದೇ ಕೈಪಳಗು.

ಒಮ್ಮೆ ನಾನೇ ಎದುರಿಗಿದ್ದೆ. ಗಂಡ ಹೆಂಡತಿ, ಇಬ್ಬರ ಕೈಯಲ್ಲೂ ಒಂದೊಂದು ದೊಡ್ಡ ಸೂಟ್‌ಕೇಸ್. ಎಕ್ಸ್‌ರೇಯಲ್ಲಿ ಒಳಗಿದ್ದದ್ದು ಇಟ್ಟಿಗೆ ಜೋಡಿಸಿದ ಹಾಗೆ ಕಾಣಿಸಿತು. ಉಟ್ಟು ಬಿಟ್ಟ ಬಟ್ಟೆ ಸೂಟ್‌ಕೇಸಿನಲ್ಲಿ ಹಾಗೆ ಕೂರುವುದಿಲ್ಲ. ತೆರೆಸಿದರು. ಪ್ರತಿ ಕುರ್ತಾ ಒಂದು ತೆಳು ಪ್ಲಾಸ್ಟಿಕ್ ಕವರಿನಲ್ಲಿ, ಕುತ್ತಿಗೆ ಹತ್ತಿರ ಬೆಲೆ ಚೀಟಿ. ಅಧಿಕಾರಿ ಒಂದನ್ನೂ ಬಿಚ್ಚಲಿಲ್ಲ. ಕವರಿನ ಮೂಲೆಯಲ್ಲಿದ್ದ ಸೈಜ್ ಮಾತ್ರ ಓದುತ್ತಾ ಹೋದರು: ಎಸ್, ಎಂ, ಎಲ್, ಎಕ್ಸ್‌ಎಲ್. ಮತ್ತೆ ಎಸ್, ಎಂ, ಎಲ್, ಎಕ್ಸ್‌ಎಲ್. ಒಂದೇ ಡಿಸೈನು, ಮೂರು ಬಣ್ಣ, ನಾಲ್ಕು ಸೈಜು. ಎರಡನೇ ಸೂಟ್‌ಕೇಸ್ ತೆರೆದಾಗ ಅದೇ ಡಿಸೈನಿನ ಉಳಿದ ಬಣ್ಣಗಳು ಸಿಕ್ಕವು. "ಮನೆಯವರಿಗೆ ಅಂತ ತಂದಿದ್ದೀವಿ" ಅಂದರು ಆ ಅಮ್ಮ. "ಮನೆಯಲ್ಲಿ ಎಷ್ಟು ಜನ?" ಅಂದರು ಅಧಿಕಾರಿ. ಆ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಅವರ ಮುಖ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕಳ್ಳರಲ್ಲ ಅವರು, ಯಾರದೋ ಮಾತು ಕೇಳಿದವರು.

ನಿಮ್ಮ ಹಂಚುವ ಉಪಾಯ ಹೀಗೆ ನಿಮಗೇ ತಿರುಗುತ್ತದೆ. ಒಂದೇ ಸರಕು ನಾಲ್ಕು ಪೆಟ್ಟಿಗೆಯಲ್ಲಿ ಸಿಕ್ಕರೆ, ಬೇಕಂತಲೇ ಹಂಚಿದ್ದೀರಿ ಅಂತಲೇ ಅದು ಓದಿಸಿಕೊಳ್ಳುತ್ತದೆ. ಮೇಲಾಗಿ, ಒಬ್ಬರ ಮಿತಿಯನ್ನು ಇನ್ನೊಬ್ಬರ ಮಿತಿಗೆ ಸೇರಿಸುವ ಹಾಗಿಲ್ಲ ಅಂತ ನಿಯಮವೇ ಹೇಳುತ್ತದೆ. ಒಂದೂವರೆ ಲಕ್ಷದ ಒಂದು ಟಿವಿ ತಂದು ಗಂಡನದು 75,000, ನನ್ನದು 75,000 ಅನ್ನುವುದು ನಡೆಯುವುದಿಲ್ಲ. ಮಕ್ಕಳ ಹೆಸರಿನ ಪೆಟ್ಟಿಗೆಗೆ ಅಂಗಡಿ ಸರಕು ತುಂಬುವುದನ್ನಂತೂ ದಯವಿಟ್ಟು ಯೋಚಿಸಲೇಬೇಡಿ. ಆ ಮೇಜಿನ ಮುಂದೆ ಮಕ್ಕಳನ್ನು ನಿಲ್ಲಿಸುವ ಪರಿಸ್ಥಿತಿ ಯಾವ ತಾಯಿಗೂ ಬೇಡ.

ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ಕೇಳಿದ್ದೀರಿ. 77ನೇ ಕಲಮಿನ ಪ್ರಕಾರ ಪೆಟ್ಟಿಗೆಯಲ್ಲಿ ಏನಿದೆ ಅಂತ ಹೇಳುವುದು ಪ್ರಯಾಣಿಕರ ಕೆಲಸ. ಸುಂಕ ಕಟ್ಟುವ ಸಾಮಾನು ಇಟ್ಟುಕೊಂಡು, ಅಂಥದ್ದು ಇಲ್ಲದವರಿಗೆ ಅಂತ ಇರುವ ಹಸಿರು ದಾರಿಯಲ್ಲಿ ನಡೆದರೆ, "ನನ್ನ ಹತ್ತಿರ ಏನೂ ಇಲ್ಲ" ಅಂತ ಬಾಯಿ ಬಿಟ್ಟು ಹೇಳಿದ್ದಕ್ಕೆ ಸಮ. ಹೇಳದ ಸರಕನ್ನು 111ನೇ ಕಲಮಿನಲ್ಲಿ ಮುಟ್ಟುಗೋಲು ಹಾಕಬಹುದು, 112ರಲ್ಲಿ ದಂಡ ಹಾಕಬಹುದು. ಬಟ್ಟೆಯಂಥ ನಿಷೇಧವಿಲ್ಲದ ಸರಕಾದರೆ, ಬಿಡುಗಡೆ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವನ್ನು 125ನೇ ಕಲಮು ಕೊಡುತ್ತದೆ. ಆದರೆ ಆ ದಂಡ ಬೇರೆ, 112ರ ದಂಡ ಬೇರೆ, ಸುಂಕ ಬೇರೆ. ಮೂರೂ ಸೇರಿದರೆ 48,000ದ ಬಟ್ಟೆ ಬಿಡಿಸಿಕೊಳ್ಳುವುದಕ್ಕಿಂತ ಬಿಟ್ಟು ಬರುವುದೇ ವಾಸಿ ಅನ್ನಿಸಿಬಿಡುತ್ತದೆ. ಹಾಗೆ ಬಿಟ್ಟು ಹೋದವರನ್ನು ನೋಡಿದ್ದೇನೆ. ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರು ಮಾತ್ರ ದಾಖಲೆಯಲ್ಲಿ ಉಳಿಯುತ್ತದೆ. ಮುಂದಿನ ಸಲ ತಂಗಿ ಮನೆಯಿಂದ ಬರೀ ಕೈಯಲ್ಲಿ ಬಂದರೂ ಪೆಟ್ಟಿಗೆ ತೆರೆಸಬಹುದು. ಅಡಿಕೆಗೆ ಹೋದ ಮಾನ ಅನ್ನುತ್ತಾರಲ್ಲ, ಅದೇ ಇದು.

ಹಾಗಾದರೆ ಸುಂಕದ ಸಾಮಾನು ಇರುವವರ ಕೆಂಪು ದಾರಿಗೆ ಹೋಗಿ ನಿಜ ಹೇಳಿ ಸುಂಕ ಕಟ್ಟಿದರೆ? ಇದು ಖಂಡಿತ ಮರ್ಯಾದೆಯ ದಾರಿ. ಲೆಕ್ಕ ಹಾಕಿ ನೋಡೋಣ. ಬ್ಯಾಗೇಜ್ ಸುಂಕದ ಲೆಕ್ಕ 2018ರ ಬಜೆಟ್‌ನಿಂದ ನಡೆದು ಬಂದಿರುವುದು ಹೀಗೆ: ಮೂಲ ಸುಂಕ ಶೇ 35, ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜು, ಒಟ್ಟು ಶೇ 38.5. ಮಾರಾಟದ ಸರಕಿಗೆ ಉಚಿತ ಮಿತಿ ಇಲ್ಲವಾದ್ದರಿಂದ ಪೂರ್ತಿ 48,000ಕ್ಕೂ ಸುಂಕ ಬೀಳುತ್ತದೆ. ಅಂದರೆ 18,480 ರೂಪಾಯಿ. ಬಜೆಟ್ ಬಂದಾಗಲೆಲ್ಲ ದರ ಬದಲಾಗಬಹುದು, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ಪ್ರಮಾಣ ಸಣ್ಣದಾಗಿ, ನಿಜ ಹೇಳಿದ್ದರೆ ಸುಂಕ ಕಟ್ಟಿಸಿಕೊಂಡು ಬಿಟ್ಟಿದ್ದನ್ನು ನೋಡಿದ್ದೇನೆ. ಆದರೆ ಅದು ನಿಮ್ಮ ಹಕ್ಕಲ್ಲ. ಇದು ಬ್ಯಾಗೇಜೇ ಅಲ್ಲ, ವ್ಯಾಪಾರದ ಆಮದು ಅಂತ ತಡೆಹಿಡಿಯುವ ಅಧಿಕಾರ ಅವರಿಗಿದೆ. ಹೇಗಿದ್ದರೂ ನಿಜ ಹೇಳಿದವರಿಗೆ ಒಂದು ಅನುಕೂಲ ಇದೆ. 80ನೇ ಕಲಮಿನಲ್ಲಿ, ಸುಂಕ ಕಟ್ಟುವುದು ಬೇಡ ಅನ್ನಿಸಿದರೆ ಸಾಮಾನನ್ನು ಅಲ್ಲೇ ಇರಿಸಿ, ರಸೀದಿ ತೆಗೆದುಕೊಂಡು, ಮುಂದೆ ದೇಶ ಬಿಡುವಾಗ ವಾಪಸ್ ಒಯ್ಯುತ್ತೇನೆ ಅಂತ ಕೇಳಬಹುದು. ಮುಚ್ಚಿಟ್ಟವರಿಗೆ ಆ ಬಾಗಿಲು ತೆರೆಯುವುದಿಲ್ಲ.

ಸುಂಕಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ವಿಷಯ. ಬ್ಯಾಗೇಜಿನಲ್ಲಿ ಸುಂಕ ಕಟ್ಟಿ ತಂದರೂ ನಿಮ್ಮ ಕೈಗೆ ಸಿಗುವುದು ಪ್ರಯಾಣಿಕರ ರಸೀದಿ. ಅಂಗಡಿಯ ಹೆಸರಿನಲ್ಲಿ ಬಿಲ್ ಆಫ್ ಎಂಟ್ರಿ, ಅಂದರೆ ವ್ಯಾಪಾರದ ಆಮದಿನ ಕಸ್ಟಮ್ಸ್ ದಾಖಲೆ ಇರುವುದಿಲ್ಲ. ಜಿಎಸ್‌ಟಿ ಲೆಕ್ಕದಲ್ಲಿ ಆ 80 ಟಾಪ್ ಎಲ್ಲಿಂದ ಬಂತು ಅಂತ ತೋರಿಸುವುದು ಹೇಗೆ? ಕಟ್ಟಿದ ಹಣದಲ್ಲಿ ಒಂದು ಪೈಸೆಯೂ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಮುಂದೆ ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಹಾಗೆ, ವಾಪಸ್ ಬರುವುದಿಲ್ಲ. ಅದೇ ಸರಕನ್ನು ಅಂಗಡಿಯ ಹೆಸರಿನಲ್ಲಿ ಕೊರಿಯರಿನಲ್ಲೋ ಏರ್ ಕಾರ್ಗೋದಲ್ಲೋ ತರಿಸಿದರೆ ಲೆಕ್ಕ ಬೇರೆ. ಸಾಗಣೆ, ವಿಮೆ ಸೇರಿಸಿಯೇ 48,000 ಅಂತಿಟ್ಟುಕೊಳ್ಳಿ. ಹೆಚ್ಚಿನ ಸಿದ್ಧ ಉಡುಪಿಗೆ ಮೂಲ ಸುಂಕ ಶೇ 20, ಅಂದರೆ 9,600. ಕೆಲವು ಬಗೆಗೆ ತುಂಡಿಗೆ ಕನಿಷ್ಠ ಇಷ್ಟು ಅಂತಲೂ ಇದೆ. ಸರ್ಚಾರ್ಜು 960. ಇವೆಲ್ಲ ಸೇರಿದ 58,560ರ ಮೇಲೆ ಶೇ 5 ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) 2,928. ಒಟ್ಟು 13,488. ಅದರಲ್ಲಿ ಆ 2,928 ನಿಮಗೆ ಕ್ರೆಡಿಟ್ ಆಗಿ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಾಳೆ ಯಾರೇ ಬಂದು ಕೇಳಿದರೂ ಮುಂದಿಡಲು ಕಾಗದ ಇರುತ್ತದೆ.

ಇದಕ್ಕೆ ಬೇಕಾದದ್ದು ಐಇಸಿ, ಅಂದರೆ ಆಮದು ರಫ್ತು ಸಂಕೇತ ಸಂಖ್ಯೆ. ಹೆಸರು ದೊಡ್ಡದು, ಕೆಲಸ ಚಿಕ್ಕದು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಕೊಟ್ಟು 500 ರೂಪಾಯಿ ಕಟ್ಟಿದರೆ ಆಯಿತು. ಬೆಂಗಳೂರಿಗೆ ಓಡಾಡಬೇಕಾಗಿಲ್ಲ, ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರಾಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಸರಿಯಿದೆ ಅಂತ ಒಮ್ಮೆ ಖಚಿತಪಡಿಸಬೇಕು. ಅದನ್ನು ಮರೆತರೆ ನಂಬರು ನಿಷ್ಕ್ರಿಯವಾಗುತ್ತದೆ, ಸರಕು ಬಂದು ಕೂತಾಗಲೇ ಅದು ಗೊತ್ತಾಗುವುದು.

80 ಟಾಪಿಗೆ ಇಷ್ಟೆಲ್ಲ ಮಾಡಿದರೆ ಕೊರಿಯರ್ ಖರ್ಚು, ಬ್ರೋಕರ್ ಖರ್ಚು ಸೇರಿ ಮೂಗಿಗಿಂತ ಮೂಗುತಿ ಭಾರ ಆಗುತ್ತದೆ ಅನ್ನುವುದು ನನಗೂ ಗೊತ್ತು. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಸಲ 80 ತರುತ್ತಲೇ ಇರಲಿಲ್ಲ. ಬ್ಯಾಂಕಾಕ್‌ನ ಪ್ರತುನಾಮ್ ಮಾರುಕಟ್ಟೆಗೆ ಹೋಗಿ, ನಾಲ್ಕು ಅಂಗಡಿ ಸುತ್ತಿ, ಬಟ್ಟೆ ಕೈಯಲ್ಲಿ ಹಿಡಿದು ನೋಡಿ, ಬೇರೆ ಬೇರೆ ಡಿಸೈನಿನ ಐದಾರು ಟಾಪ್ ಸ್ಯಾಂಪಲ್ ಅಂತ ಕೊಂಡು ತರುತ್ತಿದ್ದೆ. ಮುಕ್ತವಾಗಿ ಆಮದು ಮಾಡಬಹುದಾದ ವಸ್ತುಗಳ ಸ್ಯಾಂಪಲ್ ಅನ್ನು ಪ್ರಯಾಣಿಕರ ಸಾಮಾನಿನಲ್ಲಿ ತರಲು ವಿದೇಶ ವ್ಯಾಪಾರ ನೀತಿಯೇ ಅವಕಾಶ ಕೊಟ್ಟಿದೆ. ಅಂಗಡಿಯಲ್ಲಿ ತೂಗುಹಾಕಿ, ಗಿರಾಕಿಗಳು ಯಾವುದನ್ನು ಕೇಳುತ್ತಾರೆ ನೋಡಿ. ಆಮೇಲೆ ಓಡುವ ಡಿಸೈನಿನದ್ದೇ 300 ಪೀಸ್ ಕಾರ್ಗೋದಲ್ಲಿ ತರಿಸಿ. ಸುಮ್ನೆ ಕಣ್ಣಿಗೆ ಚೆಂದ ಕಂಡಿತು ಅಂತ 80 ತಂದು, 30 ಮೂಲೆಯಲ್ಲಿ ಉಳಿದವರ ಕಥೆ ನಿಮ್ಮ ಬೀದಿಯಲ್ಲೇ ಸಿಗುತ್ತದೆ.

ಟಾಪಿನ ಜೊತೆ ಅಂಗಡಿಗೆ ಅಂತ ಆಟಿಕೆ, ಮೇಕಪ್ ಸಾಮಾನು ತರುವ ಯೋಚನೆ ಬಂದರೆ ಅಲ್ಲೇ ಬಿಡಿ. ಮಾರುವ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಬೇಕೇ ಬೇಕು. ಮೇಕಪ್ ಸಾಮಾನಿನ ಆಮದಿಗೆ ಔಷಧ ಇಲಾಖೆಯ ನೋಂದಣಿ ಬೇಕು. ಇ-ಸಿಗರೇಟ್ ಅಂತೂ 2019ರಿಂದ ಪೂರ್ತಿ ನಿಷೇಧ.

ಇನ್ನು ಸೀರೆಗಳ ವಿಷಯ. ನಿಜ ಹೇಳಬೇಕಂದರೆ ಟಾಪಿಗಿಂತ ಇದೇ ನನಗೆ ಜಾಸ್ತಿ ಚಿಂತೆಯಾದದ್ದು. ಹೋಗುವಾಗ ಕಸ್ಟಮ್ಸ್ ಏನು ಮಾಡುತ್ತದೆ, ರೇಷ್ಮೆ ಸೀರೆಗೆ ರಫ್ತು ಸುಂಕವೇ ಇಲ್ಲವಲ್ಲ ಅಂತ ನಿಮಗೆ ಅನ್ನಿಸಿರಬಹುದು. ಸುಂಕ ಇಲ್ಲ, ಸರಿ. ಆದರೆ ಮಾರಾಟಕ್ಕೆ ಹೋಗುವ ಸರಕಿಗೆ ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತಿನ ಘೋಷಣೆಯ ಕಾಗದ ಬೇಕು. ಅದಿಲ್ಲದೆ ಹೋದರೆ ಅದು ರಫ್ತು ಅಂತ ಯಾವ ಪುಸ್ತಕದಲ್ಲೂ ಇರುವುದಿಲ್ಲ, ಬಂದ ಡಾಲರಿಗೆ ಲೆಕ್ಕವೂ ಇರುವುದಿಲ್ಲ.

ಸಿಂಗಪುರದ ಕಡೆಯೂ ನೋಡಿ. 48 ಗಂಟೆಗಿಂತ ಹೆಚ್ಚು ಹೊರಗಿದ್ದು ಬರುವ ಪ್ರಯಾಣಿಕರಿಗೆ ಅಲ್ಲಿ 500 ಸಿಂಗಪುರ ಡಾಲರ್‌ವರೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದೂ ಸ್ವಂತಕ್ಕೆ, ಉಡುಗೊರೆಗೆ ಮಾತ್ರ. ವ್ಯಾಪಾರದ ಸರಕಿಗೆ ಪರ್ಮಿಟ್ ಬೇಕು, ಅದರ ಮೇಲೆ 2024ರಿಂದ ಶೇ 9 ಜಿಎಸ್‌ಟಿ. ಪ್ರವಾಸಿ ಪಾಸಿನಲ್ಲಿ ಹೋದವರು ಅಲ್ಲಿ ವ್ಯಾಪಾರ ಮಾಡುವ ಹಾಗೂ ಇಲ್ಲ. ನಿಮ್ಮಿಂದ ತಂಗಿಗೆ, ಅವರ ಮನೆಯವರ ಕೆಲಸಕ್ಕೆ ತೊಂದರೆ ಬರಬಾರದು.

ಇದೆಲ್ಲಕ್ಕಿಂತ ದೊಡ್ಡ ಸಿಕ್ಕು ಇರುವುದು ವಾಪಸ್ ಬರುವಾಗ. 25ರಲ್ಲಿ 14 ಮಾರಾಟವಾಯಿತು, 11 ಉಳಿಯಿತು ಅಂದುಕೊಳ್ಳಿ. ಮಡಿಕೆ ಬಿಚ್ಚದ 11 ಹೊಸ ರೇಷ್ಮೆ ಸೀರೆ ನಿಮ್ಮ ಪೆಟ್ಟಿಗೆಯಲ್ಲಿ ದೇವನಹಳ್ಳಿಗೆ ಬಂದಿಳಿಯುತ್ತದೆ. ಇವು ಇಲ್ಲಿಂದಲೇ ಹೋದವು ಅಂತ ತೋರಿಸುವುದು ಹೇಗೆ? "ನಮ್ಮ ಊರಿನ ರೇಷ್ಮೆ ಸಾರ್, ಸಿಲ್ಕ್ ಮಾರ್ಕ್ ಚೀಟಿ ಇದೆ ನೋಡಿ" ಅನ್ನುತ್ತೀರಿ. ಸಿಲ್ಕ್ ಮಾರ್ಕ್ ಹೇಳುವುದು ಅಪ್ಪಟ ರೇಷ್ಮೆ ಅಂತ ಮಾತ್ರ. ಯಾವತ್ತು, ಯಾರು, ಎಷ್ಟು ಸೀರೆಯನ್ನು ದೇಶದಿಂದ ಆಚೆ ಒಯ್ದರು ಅಂತ ಅದು ಹೇಳುವುದಿಲ್ಲ. ನಮ್ಮ ನೆಲದ ಸೀರೆಗೆ ನಾವೇ ಆಮದು ಸುಂಕ ಕಟ್ಟುವುದಕ್ಕಿಂತ ಸಂಕಟ ಇನ್ನೊಂದಿಲ್ಲ. ನಾನು ಕಂಡ ಒಬ್ಬ ನೇಕಾರರು ಆ ಕೌಂಟರಿನ ಮುಂದೆ ಸೀರೆಯ ಸೆರಗು ಬಿಡಿಸಿ, ಜರಿಯ ಅಂಚು ಬೆರಳಿನಿಂದ ತೋರಿಸಿ, "ಇದು ನನ್ನ ಮಗ್ಗದ್ದು" ಅಂತ ಹೇಳುತ್ತಾ ನಿಂತಿದ್ದರು. ಅವರು ಹೇಳಿದ್ದು ನಿಜ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಕಾಗದ ಇರಲಿಲ್ಲ.

ನೀವು ಹೀಗೆ ಮಾಡಿ. ತಂಗಿಗೆ ಉಡುಗೊರೆ ಒಂದೆರಡು, ನೀವು ಉಡುವುದಕ್ಕೆ ಮೂರ್ನಾಲ್ಕು ಸೀರೆ ತೆಗೆದುಕೊಂಡು ಹೋಗಿ. ಉಳಿದವುಗಳ ಫೋಟೋ ಸಾಕು. ತಂಗಿಯ ಸ್ನೇಹಿತೆಯರಿಗೆ ಬೇಕಾದದ್ದನ್ನು ಊರಿಗೆ ಬಂದ ಮೇಲೆ ಅಂಚೆಯಲ್ಲಿ ಕಳಿಸಿ. ಅಂಚೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಅಂತಲೇ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದೆ. ಕಸ್ಟಮ್ಸ್ ಕಾಗದವನ್ನು ಕಂಪ್ಯೂಟರಿನಲ್ಲೇ ತುಂಬಿ ಪಾರ್ಸೆಲ್ ಕೊಡಬಹುದು. ಅದೇ ಐಇಸಿ ಇಲ್ಲೂ ಸಾಕು. ಜಿಎಸ್‌ಟಿ ನೋಂದಣಿ ಇದ್ದರೆ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಸಲ್ಲಿಸಿ, ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಸಿಂಗಪುರಕ್ಕೆ ಹೋಗುವ ಪಾರ್ಸೆಲ್ಲಿನ ಬೆಲೆ 400 ಸಿಂಗಪುರ ಡಾಲರ್ ದಾಟಿದರೆ ತರಿಸಿಕೊಂಡವರು ಅಲ್ಲಿ ಜಿಎಸ್‌ಟಿ ಕಟ್ಟಬೇಕಾಗುತ್ತದೆ. ಅದನ್ನು ಮೊದಲೇ ಅವರಿಗೆ ಹೇಳಿಬಿಡಿ, ಆಮೇಲೆ ಮಾತು ಬರುವುದು ಬೇಡ.

ಮುಂದೆ ಯಾವತ್ತಾದರೂ ವಿದೇಶದ ಮೇಳದಲ್ಲಿ ಮಳಿಗೆ ಹಾಕುವ ಅವಕಾಶ ಬಂದರೆ ಎಟಿಎ ಕಾರ್ನೆ ಅನ್ನುವ ಕಾಗದ ಕೇಳಿ. ನಮ್ಮ ದೇಶದಲ್ಲಿ ಅದನ್ನು ಕೊಡುವುದು ವಾಣಿಜ್ಯ, ಕೈಗಾರಿಕಾ ಸಂಘಗಳ ಒಕ್ಕೂಟವಾದ ಫಿಕ್ಕಿ. ಮೇಳಕ್ಕೆ ಒಯ್ದು ವಾಪಸ್ ತರುವ ಸರಕಿಗೆ ಒಂದು ವರ್ಷದವರೆಗೆ ಅದೇ ಪಾಸ್‌ಪೋರ್ಟ್ ಇದ್ದ ಹಾಗೆ, ಎರಡೂ ಕಡೆ ಸುಂಕ ಬೀಳುವುದಿಲ್ಲ. ಸಿಂಗಪುರವೂ ಅದನ್ನು ಒಪ್ಪುತ್ತದೆ. ಆದರೆ ಅಲ್ಲಿ ಮಾರಿಬಿಟ್ಟ ಸೀರೆಗೆ ಅಲ್ಲಿನ ತೆರಿಗೆ ಕಟ್ಟಬೇಕು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬ್ಯಾಂಕಾಕ್ ನಿಲ್ದಾಣದಲ್ಲಿ ನಮ್ಮ ಕಡೆಯ ಮಾತಾಡುವವರೇ ಯಾರೋ ಬಂದು, "ಅಕ್ಕಾ, ನಮ್ಮ ಲಗೇಜ್ ಜಾಸ್ತಿ ಆಗಿದೆ, ಈ ಒಂದು ಬ್ಯಾಗ್ ನಿಮ್ಮ ಜೊತೆ ಹಾಕ್ಕೊಳ್ಳಿ, ಬೆಂಗಳೂರಲ್ಲಿ ಇಸ್ಕೋತೀವಿ" ಅನ್ನಬಹುದು. ಕನ್ನಡ ಕೇಳಿದ ಕೂಡಲೇ ಮನಸ್ಸು ಕರಗುತ್ತದೆ. ಬೇಡ ಅನ್ನಿ. ನಿಮ್ಮ ಟಿಕೆಟ್ಟಿನ ಚೀಟಿ ಅಂಟಿದ ಬ್ಯಾಗಿನಲ್ಲಿ ಏನಿದ್ದರೂ ಅದಕ್ಕೆ ನೀವೇ ಹೊಣೆ. ಅದು ಚಿನ್ನವಾಗಿದ್ದರೆ, ಕಳ್ಳಸಾಗಣೆಯದ್ದಲ್ಲ ಅಂತ ತೋರಿಸುವ ಭಾರವೂ 123ನೇ ಕಲಮಿನಲ್ಲಿ ನಿಮ್ಮ ಮೇಲೆಯೇ ಬೀಳುತ್ತದೆ.

ನಿಮ್ಮ ಸ್ವಂತ ಒಡವೆ ಭಾರಿಯಾಗಿದ್ದರೆ ಹೊರಡುವ ದಿನವೇ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಅಂತರರಾಷ್ಟ್ರೀಯ ವಿಮಾನಗಳು ಈಗ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಆ ಕೆಲಸಕ್ಕೆ ಒಂದು ಗಂಟೆ ಮುಂಚಿತವಾಗಿ ಹೋಗಿ.

ಒಂದು ವೇಳೆ ಯಾವುದೋ ಕಾರಣಕ್ಕೆ ಸಾಮಾನು ತಡೆಹಿಡಿದರೆ ಗಾಬರಿಯಾಗಬೇಡಿ. ಜಗಳವೂ ಬೇಡ, ಅಳುವುದೂ ಬೇಡ. ತಡೆಹಿಡಿದದ್ದಕ್ಕೆ ರಸೀದಿ ಕೇಳಿ. ಅದರಲ್ಲಿ ವಸ್ತು, ಸಂಖ್ಯೆ, ಬೆಲೆ ಸರಿಯಾಗಿ ಬರೆದಿದ್ದಾರಾ ನೋಡಿ. ಹೇಳಿಕೆ ಕೊಡಿ ಅಂದರೆ ನಿಮಗೆ ಗೊತ್ತಿರುವ ಕನ್ನಡದಲ್ಲೇ ಬರೆಯಿರಿ. ಓದದೆ ಸಹಿ ಹಾಕಬೇಡಿ, ಯಾಕಂದರೆ 108ನೇ ಕಲಮಿನ ಹೇಳಿಕೆಯನ್ನು ಆಮೇಲೆ ಸಾಕ್ಷ್ಯವಾಗಿ ಬಳಸುತ್ತಾರೆ. ರಸೀದಿ ಇಲ್ಲದೆ ಯಾರ ಕೈಗೂ ಒಂದು ರೂಪಾಯಿ ಕೊಡಬೇಡಿ. ಆದೇಶ ಸರಿಯಿಲ್ಲ ಅನ್ನಿಸಿದರೆ ಅದು ಕೈಗೆ ಸಿಕ್ಕ 60 ದಿನದೊಳಗೆ ಮೇಲ್ಮನವಿ ಆಯುಕ್ತರ ಬಳಿ ಹೋಗಬಹುದು. ಅಲ್ಲಿಂದ ಮುಂದೆ ಬ್ಯಾಗೇಜ್ ಪ್ರಕರಣಗಳು ನ್ಯಾಯಮಂಡಳಿಗೆ ಹೋಗುವುದಿಲ್ಲ, ಕೇಂದ್ರ ಸರ್ಕಾರಕ್ಕೇ ಮರುಪರಿಶೀಲನೆ ಅರ್ಜಿ ಹಾಕಬೇಕು. ಅದಕ್ಕೆ ಮೂರು ತಿಂಗಳ ಗಡುವು. ಇದನ್ನು ತಿಳಿಯದೆ ತಪ್ಪು ಬಾಗಿಲು ತಟ್ಟಿ ದಿನ ಕಳೆದುಕೊಂಡವರಿದ್ದಾರೆ.

ಆ ಐದಾರು ಸ್ಯಾಂಪಲ್ ಟಾಪುಗಳ ಬಿಲ್ಲನ್ನು ಬ್ಯಾಂಕಾಕ್‌ನ ಅಂಗಡಿಯಲ್ಲೇ ಕೇಳಿ ಪಡೆಯಿರಿ. ಕೈಬರಹದ ಚೀಟಿಯಾದರೂ ಸರಿ, ಅಂಗಡಿಯ ಮೊಹರು ಇರಲಿ. ಅದನ್ನು ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲಿ ಇಟ್ಟುಕೊಳ್ಳಿ, ಪೆಟ್ಟಿಗೆಯ ತಳದಲ್ಲಿ ಬೇಡ. ಇಳಿದ ಮೇಲೆ ಕೆಂಪು ದಾರಿಯ ಮೇಜಿಗೆ ಹೋಗಿ, "ನನ್ನದು ಚಿಕ್ಕಬಳ್ಳಾಪುರದಲ್ಲಿ ಬಟ್ಟೆ ಅಂಗಡಿ, ಇವು ಸ್ಯಾಂಪಲ್, ಬಿಲ್ ಇಲ್ಲಿದೆ" ಅಂತ ನೀವೇ ಮೊದಲು ಹೇಳಿ.